ನೈಸಿಯಾ ಸಭೆಗೂ ಮುಂಚೆ ಕ್ರೈಸ್ತರು ಯಾವುದನ್ನು ಧರ್ಮಗ್ರಂಥ ಎನ್ನುತ್ತಿದ್ದರು?

ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತ 325ರಲ್ಲಿ ಬಿಷಪ್‌ಗಳೆಲ್ಲ ಸೇರಿದ್ದ ನೈಸಿಯಾ ಸಭೆ ತೀರ್ಮಾನ ಮಾಡಿತಂತೆ, ಅದಕ್ಕೂ ಮುಂಚೆ ಜನ ಏನನ್ನು ನಂಬುತ್ತಿದ್ದರು ಅಂತ ಕೇಳಿದ್ದೀರಿ. ನೈಸಿಯಾದ ಕಥೆಯನ್ನು ಮೊದಲು ಪಕ್ಕಕ್ಕಿಡಿ. ಆ ಸಭೆಯ ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯೇ ಇಲ್ಲ. ಯಾರೋ ಹೇಳಿದ್ದು, ಎಲ್ಲರೂ ಸುಮ್ನೆ ಹಂಚಿಕೊಂಡಿದ್ದು.

ಮೊದಲ ತಲೆಮಾರಿನವರಿಗೆ ಧರ್ಮಗ್ರಂಥ ಅಂದರೆ ಯೆಹೂದ್ಯರ ಗ್ರಂಥಗಳೇ, ಈಗ ಹಳೆ ಒಡಂಬಡಿಕೆ ಅನ್ನುತ್ತೇವಲ್ಲ, ಅದು. ಯೇಸುವಿನ ವಿಷಯ ಹೆಚ್ಚಾಗಿ ಬಾಯಿಮಾತಿನಲ್ಲೇ ಹರಡಿತು. 2ನೇ ಶತಮಾನದ ಶುರುವಿನಲ್ಲೂ ಹಿಯೆರಾಪೊಲಿಸ್‌ನ ಬಿಷಪ್ ಪಾಪಿಯಾಸ್‌ಗೆ ಪುಸ್ತಕಕ್ಕಿಂತ ಹಿರಿಯರ ಬಾಯಿಂದ ಕೇಳಿದ್ದರ ಮೇಲೇ ಭರವಸೆ ಜಾಸ್ತಿ. ಸುಮಾರು ಅದೇ ಕಾಲದ ಅಂತಿಯೋಕ್ಯದ ಇಗ್ನೇಷಿಯಸ್ ಇನ್ನೂ ಒಂದು ಹೆಜ್ಜೆ ಮುಂದೆ. ಹಳೆಯ ದಾಖಲೆಗಳಲ್ಲಿ ಇಲ್ಲದ್ದನ್ನು ನಂಬಲ್ಲ ಅಂದವರಿಗೆ ಆತ ಕೊಟ್ಟ ಉತ್ತರದ ಸಾರ ಇಷ್ಟೇ: ನನಗೆ ದಾಖಲೆ ಯೇಸು ಕ್ರಿಸ್ತನೇ, ಅವನ ಶಿಲುಬೆ, ಸಾವು, ಪುನರುತ್ಥಾನ. ದೇವರು ತನ್ನನ್ನು ತೋರಿಸಿಕೊಂಡದ್ದು ಒಬ್ಬ ವ್ಯಕ್ತಿಯಲ್ಲಿ, ಬರಹ ಅದಕ್ಕೆ ಸಾಕ್ಷಿ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ.

ಹಾಗಾದರೆ ಪಟ್ಟಿ ಯಾಕೆ ಬೇಕಾಯಿತು? ಜಗಳದಿಂದ. ಸುಮಾರು 144ರಲ್ಲಿ ಮಾರ್ಸಿಯಾನ್ ಎಂಬ ಬೋಧಕ ರೋಮ್‌ನ ಕ್ರೈಸ್ತ ಸಭೆಯಿಂದ ಹೊರಬಿದ್ದ. ಅವನು ಹಳೆ ಒಡಂಬಡಿಕೆಯನ್ನೇ ಬಿಟ್ಟು, ಕತ್ತರಿಸಿದ ಲೂಕನ ಸುವಾರ್ತೆ (ಯೇಸುವಿನ ಜೀವನ, ಬೋಧನೆ ಹೇಳುವ ಪುಸ್ತಕ) ಮತ್ತು ಪೌಲನ 10 ಪತ್ರಗಳು ಸಾಕು ಅಂದ. ಸುಮಾರು 180ರಲ್ಲಿ ಲಿಯೋನ್‌ನ ಬಿಷಪ್ ಐರೇನಿಯಸ್, ಸುವಾರ್ತೆಗಳು ನಾಲ್ಕೇ ಅಂತ ಪಟ್ಟು ಹಿಡಿದ. ದಿಕ್ಕು ನಾಲ್ಕು, ಗಾಳಿ ನಾಲ್ಕು ಅನ್ನೋದು ಅವನ ಒಂದು ವಾದ. ದುರ್ಬಲ ವಾದ, ಅಲ್ವಾ? ಆದರೆ ಅಪೊಸ್ತಲರಿಂದ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರಿಂದ, ಸಭೆಗಳಿಗೆ ಬಂದ ಬೋಧನೆಗೆ ಹೊಂದಬೇಕು ಅನ್ನುವ ಅವನ ಇನ್ನೊಂದು ಅಳತೆ ಗಟ್ಟಿಯಾಗಿತ್ತು.

ಆ ಅಳತೆ ಕೆಲಸ ಮಾಡಿದ್ದು ಹೇಗೆ ಅಂತ ನೋಡಬೇಕಾದರೆ ಅಂತಿಯೋಕ್ಯದ ಬಿಷಪ್ ಸೆರಾಪಿಯಾನ್ ಕಥೆ ಕೇಳಿ. ಸುಮಾರು 200ರ ಹೊತ್ತಿಗೆ ರೋಸಸ್ ಎಂಬ ಊರಿನ ಸಭೆಯವರು ಪೇತ್ರನ ಹೆಸರಿನ ಒಂದು ಸುವಾರ್ತೆ ಓದುತ್ತಿದ್ದರು. ಸೆರಾಪಿಯಾನ್ ಅದನ್ನು ಪೂರ್ತಿ ಓದಿ ನೋಡದೆ, ಓದಿಕೊಳ್ಳಿ ಅಂದುಬಿಟ್ಟ! ಆಮೇಲೆ ಒಂದು ಪ್ರತಿ ತರಿಸಿ ಓದಿದ. ಬಹುಪಾಲು ಸರಿಯಿತ್ತು, ಕೆಲವು ಮಾತು ಮಾತ್ರ ಸೇರಿಸಿದ ಹಾಗಿತ್ತು. ಅವನ್ನು ಪಟ್ಟಿ ಮಾಡಿ ಎಚ್ಚರಿಸಿದ. ಪೇತ್ರನನ್ನು ಕ್ರಿಸ್ತನಂತೆಯೇ ಒಪ್ಪುತ್ತೇವೆ, ಅವನ ಹೆಸರಲ್ಲಿ ಬಂದ ಸುಳ್ಳು ಬರಹವನ್ನಲ್ಲ ಎನ್ನುವುದು ಅವನ ನಿಲುವು.

ಈಗಿನ ಹೊಸ ಒಡಂಬಡಿಕೆಯ 27 ಪುಸ್ತಕಗಳೇ ಇರುವ, ನಮಗೆ ಸಿಕ್ಕಿರುವ ಮೊದಲ ಪಟ್ಟಿ 367ರದು, ಅಲೆಕ್ಸಾಂಡ್ರಿಯಾದ ಅಥನಾಸಿಯಸ್ ಬರೆದ ಪತ್ರ. ಅದಾದ ಮೇಲೂ ಸಿರಿಯಾಕ್ ಭಾಷೆಯ ಬೈಬಲ್ ಅನುವಾದವಾದ ಪೆಶಿತ್ತಾದ ಹೊಸ ಒಡಂಬಡಿಕೆಯಲ್ಲಿ ಇದ್ದದ್ದು 22 ಮಾತ್ರ. ಈಗ ಬೈಬಲ್‌ನ ಕೊನೆಯಲ್ಲಿರುವ ಪ್ರಕಟಣೆ ಪುಸ್ತಕ ಅದರಲ್ಲಿರಲಿಲ್ಲ.