ಸಣ್ಣ ಕೋಣೇಲಿ ಕುದುರೆ ಸಾಮಾನು: ಮೊದ್ಲು ಗಾಳಿ, ಆಮೇಲೆ ಜಾಗ

ಅಣ್ಣಾ, ಸದಾಶಿವಗಡದಲ್ಲಿ ಹೊಸದಾಗಿ ಕುದುರೆ ತಂದಿದೀನಿ, ಕೊಟ್ಟಿಗೆ ಪಕ್ಕದ ಆರಡಿ ಎಂಟಡಿ ಕೋಣೇಲಿ ಜೀನು, ಲಗಾಮು, ಬ್ರಶ್ಶು, ಹುರುಳಿ, ಔಷಧಿ ಎಲ್ಲಾ ಹೇಗೆ ಹಿಡಿಸೋದು ಅಂತ ಕೇಳಿದ್ರಲ್ಲ. ನಾನು ಅಂಕೋಲಾ ಕಡೆಯವ, ಎರಡು ಕುದುರೆ ಸಾಕಿದೀನಿ, ನನ್ನ ಕೋಣೆ ನಿಮ್ದಕ್ಕಿಂತ ಚಿಕ್ಕದು, ಆದ್ರೂ ಎಲ್ಲಾ ಹಿಡಿಸತ್ತೆ. ಆದ್ರೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಹೊಡೆಯೋ ಕರಾವಳಿ ಕಡೆ ನಾವಿರೋದು, ಚಿರೆಕಲ್ಲಿನ ಗೋಡೆ ಜೂನ್‌ನಲ್ಲಿ ಒಂದ್ಸಲ ನೀರು ಕುಡಿದ್ರೆ ಚೌತಿ ಬಂದ್ರೂ ಆರಲ್ಲ, ಅದಕ್ಕೆ ಜಾಗ ಲೆಕ್ಕ ಹಾಕೋ ಮೊದ್ಲು ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗತ್ತೆ ನೋಡಿ.

ನನ್ನ ಮೊದಲ್ನೇ ಮಳೆಗಾಲ ಏನಾಯ್ತು ಅಂದ್ರೆ, ಧೂಳು ಬೇಡ ಅಂತ ಜೀನನ್ನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಅಟ್ಟಕ್ಕೇರಿಸಿದ್ದೆ. ಚೌತಿ ಮುಗಿದ ಮೇಲೆ ಬಿಚ್ಚಿದ್ರೆ ಇಡೀ ಜೀನಿಗೆ ಬೆಕ್ಕಿನ ತುಪ್ಪಳದ ಹಾಗೆ ಹಸಿರು ಬಿಳಿ ಬೂಷ್ಟು. ಒರೆಸಿ ಎಣ್ಣೆ ಹಚ್ಚಿ ಹೊಳಪು ಬಂತು ಅಂತ ಖುಷಿಪಟ್ಟೆ, ಹತ್ತೋವಾಗ ಹೊಟ್ಟೆಪಟ್ಟಿ ಸಿಕ್ಕಿಸೋ ಬಾರಿನ ಹೊಲಿಗೆ ಪಟಪಟ ಬಿಚ್ಚಿ ಜೀನಿನ ಸಮೇತ ಕೆಳಗೆ ಬಿದ್ದೆ. ಚರ್ಮ ಗಟ್ಟಿಯಿತ್ತು, ಒಳಗೆ ದಾರ ಕೊಳೆತಿತ್ತು. ಆವತ್ತಿಂದ ಹತ್ತೋ ಮುಂಚೆ ಪ್ರತಿ ಹೊಲಿಗೆನೂ ಉಗುರಲ್ಲಿ ಒತ್ತಿ ನೋಡ್ತೀನಿ, ನೀವೂ ನೋಡಿ.

ಜೀನು ಯಾವತ್ತೂ ನೆಲದ ಮೇಲೆ ಚಪ್ಪಟೆ ಇಡ್ಬೇಡಿ, ಒಂದರ ಮೇಲೊಂದು ಹೇರೋದಂತೂ ಬೇಡವೇ ಬೇಡ. ಒಳಗೆ ಮರದ್ದೋ ಫೈಬರಿಂದೋ ಒಂದು ಚೌಕಟ್ಟು ಇರತ್ತೆ, ಟ್ರೀ ಅಂತಾರೆ, ಅದು ಸೊಟ್ಟ ಆದ್ರೆ ಕುದುರೆ ಬೆನ್ನಿಗೇ ಹುಣ್ಣು. ಮನೆ ಮಾಡಿನ ಆಕಾರದಲ್ಲಿ ಎರಡು ಹಲಗೆ ಜೋಡಿಸಿ, ಒಂದೂಮುಕ್ಕಾಲು ಅಡಿ ಉದ್ದ ಸಾಕು, ಮೇಲೆ ಕೂಡೋ ಜಾಗದಲ್ಲಿ ಎರಡು ಬೆರಳು ಸಂದು ಬಿಡಿ, ಜೀನಿನ ನಡುವಿಂದ ಗಾಳಿ ಆಡತ್ತೆ. ಇದನ್ನ ಗೋಡೆಗೆ ಅಂಟಿಸಿ ಹೊಡೀಬೇಡಿ, ಮೊದ್ಲು ಎರಡು ಪಟ್ಟಿ ಹೊಡೆದು ಅದರ ಮೇಲೆ ಕೂರಿಸಿ, ಗೋಡೆಗೂ ಜೀನಿಗೂ ಒಂದು ಗೇಣು ಅಂತರ ಬೇಕು. ಬೆವರಲ್ಲಿ ನೆಂದ ಜೀನು ಬಟ್ಟೆನ ಜೀನಿನ ಅಡಿ ಬಿಡ್ಬೇಡಿ, ಹೊರಗೆ ಜಗಲಿಯ ಗಳಕ್ಕೆ ಹಾಕಿ.

ಲಗಾಮನ್ನ ಮೊಳೆಗೆ ತೂಗಿ ಹಾಕಿದ್ರೆ ಕಿವಿ ಹಿಂದೆ ಬರೋ ಪಟ್ಟಿ ಅಲ್ಲೇ ಮಡಚಿ ಬಿರುಕು ಬಿಡತ್ತೆ. ಪ್ಲಂಬಿಂಗ್ ಮಾಡಿ ಉಳಿದ ನಾಲ್ಕಿಂಚು ಪಿವಿಸಿ ಪೈಪಿದ್ರೆ ಮೂರು ಮೂರು ಇಂಚು ಕೊಯ್ದು ಗೋಡೆಗೆ ಸ್ಕ್ರೂ ಮಾಡಿ, ದುಂಡಗೆ ಕೂರತ್ತೆ. ಟಿನ್ನಿನ ಡಬ್ಬಿ ಬೇಡ, ನಮ್ಮ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿದು ಚರ್ಮಕ್ಕೆ ಕಲೆ ಹತ್ತತ್ತೆ. ಕಡಿವಾಣ ಸ್ಟೇನ್‌ಲೆಸ್ ಆಗಿದ್ರೂ ಬೀಚಿಗೆ ಹೋಗಿ ಬಂದ ದಿನ ಸಿಹಿನೀರಲ್ಲಿ ತೊಳೆದು ಒರೆಸಿಯೇ ಇಡಿ, ಬಕಲ್ಲುಗಳನ್ನೂ.

ಬ್ರಶ್ಶು, ಗೊರಸು ಕೆರೆಯೋ ಕೊಕ್ಕೆ, ಬಾಚಣಿಗೆ ಎಲ್ಲಾ ತೂತಿರೋ ಒಂದು ಪ್ಲಾಸ್ಟಿಕ್ ಬುಟ್ಟಿಗೆ, ಅಷ್ಟೇ.

ಮಳೆಗಾಲಕ್ಕೆ ನಾನು ಒಂದು ಮೂಲೇಲಿ ಹಳೇ ಕಾಲದ 40 ವ್ಯಾಟಿನ ಬಲ್ಬು ಉರಿಸಿಡ್ತೀನಿ, ಎಲ್‌ಇಡಿ ಆಗಲ್ಲ, ಅದು ಅಷ್ಟು ಕಾವು ಕೊಡಲ್ಲ. ಹುಲ್ಲು, ಗೋಣಿಚೀಲ ಹತ್ರ ಇರೋ ಕಡೆ ಮಾತ್ರ ಹಾಕ್ಬೇಡಿ, ಬೆಂಕಿ ಭಯ. ಘಟ್ಟದ ಮೇಲಿನವ್ರು ಕೆಲವರು ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಇಡಿ ಅಂತಾರೆ, ಅಡಿಕೆಗೆ ಸರಿ, ಚರ್ಮ ಅಲ್ಲಿ ಒಣಗಿ ಸೆಟೆದುಕೊಳ್ಳತ್ತೆ. ಬೂಷ್ಟು ಕಂಡ್ರೆ ಕೋಣೆ ಒಳಗೆ ಜಾಡಿಸ್ಬೇಡಿ, ಹೊರಗೆ ತಂದು ವಿನೆಗರ್ ನೀರಿನ ಬಟ್ಟೇಲಿ ಒರೆಸಿ, ನೆರಳಲ್ಲಿ ಆರಿಸಿ, ಆಮೇಲೆ ಸ್ಯಾಡಲ್ ಸೋಪು, ಅಂದ್ರೆ ಜೀನಿನ ಚರ್ಮ ತೊಳೆಯೋ ಸೋಪು. ಎಣ್ಣೆ ತೆಳುವಾಗಿ ಒಂದು ಕೈ. ಕೊಬ್ಬರಿ ಎಣ್ಣೆ ಸುರಿಯೋರಿದಾರೆ, ಚರ್ಮ ಲೊಳಲೊಳ ಆಗಿ ಅದೇ ಎಣ್ಣೆಗೆ ಬೂಷ್ಟು ಮತ್ತೆ ಬರತ್ತೆ.

ಇನ್ನು ಹುರುಳಿ, ಬೂಸಾ. ದಯವಿಟ್ಟು ಇವನ್ನ ಆ ಕೋಣೆಯಿಂದ ಹೊರಗಿಡಿ. ಹುರುಳಿ ವಾಸನೆಗೆ ಬಂದ ಇಲಿ ಬೆವರಿನ ಉಪ್ಪಿಗೆ ಚರ್ಮನೂ ಕಡಿಯತ್ತೆ. ಮುಚ್ಚಳ ಗಟ್ಟಿ ಇರೋ ಡ್ರಮ್ಮು ತಗೊಂಡು ಎರಡು ಇಟ್ಟಿಗೆ ಮೇಲಿಟ್ರೆ ತೇವ ಏರಲ್ಲ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಬೂಷ್ಟು ಹಿಡಿದದ್ದು ತಿಂದ್ರೆ ಹೊಟ್ಟೆಶೂಲೆ ಬಂದು ಒದ್ದಾಡತ್ತೆ, ರಾತ್ರಿ ಹೊತ್ತು ನಮ್ಮೂರಲ್ಲಿ ಕುದುರೆ ನೋಡೋ ಡಾಕ್ಟ್ರು ಸಿಗೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ನೀವು ಕೋಳಿನೂ ಸಾಕಿದೀರಿ ಅಂದ್ರಲ್ಲ, ಬ್ರಾಯ್ಲರ್ ಫೀಡಿನ ಚೀಲ ಕುದುರೆ ಡ್ರಮ್ಮಿನ ಹತ್ರಾನೂ ಇಡ್ಬೇಡಿ, ಅಳೆಯೋ ಡಬ್ಬಿನೂ ಬೇರೆ ಇರ್ಲಿ. ಕೆಲವು ಕೋಳಿ ಫೀಡಲ್ಲಿ ಮೊನೆನ್ಸಿನ್ ಅಂತ ಔಷಧಿ ಇರತ್ತೆ, ಕೋಳಿಗೆ ಏನೂ ಆಗಲ್ಲ, ಕುದುರೆಗೆ ಸ್ವಲ್ಪ ಹೋದ್ರೂ ಹೃದಯಕ್ಕೆ ಹೊಡೆದು ಸಾಯ್ಬಹುದು.

ಔಷಧಿ ಡಬ್ಬಿಗೆ ಥರ್ಮಾಮೀಟರ್, ಗಾಯಕ್ಕೆ ಹಚ್ಚೋ ಪೊವಿಡೋನ್ ಅಯೋಡಿನ್, ಹತ್ತಿ, ಕ್ರೇಪ್ ಬ್ಯಾಂಡೇಜು. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ, ಆರಾಮಿರೋ ಕುದುರೆ ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ಧನುರ್ವಾಯು ಇಂಜೆಕ್ಷನ್ ಹಾಕ್ಸಿದ ತಾರೀಕು, ಡಾಕ್ಟ್ರ ನಂಬರು. ಗಾಬರೀಲಿ ಏನೂ ನೆನಪಾಗಲ್ಲ.

ಕುದುರೆ ತಲೆಗೆ ಹಾಕೋ ಒಂದು ಹಗ್ಗದ ಹಾಲ್ಟರು ಮತ್ತೆ ಹಿಡಿದು ನಡೆಸೋ ಹಗ್ಗ ಮಾತ್ರ ಕೋಣೆ ಒಳಗೆ ಇಡ್ಬೇಡಿ, ಬಾಗಿಲ ಹೊರಗೆ, ಕೈಗೆ ಎಟುಕೋ ಎತ್ತರಕ್ಕೆ ತೂಗಿ ಹಾಕಿ. ಮಧ್ಯರಾತ್ರಿ ಕೊಟ್ಟಿಗೆಗೆ ಹಾವು ಬಂತು, ಇಲ್ಲ ಹಂಚು ಹಾರಿ ನೀರು ನುಗ್ಗಿತು ಅಂದ್ರೆ ಕರೆಂಟು ಇರಲ್ಲ, ಬೀಗದ ಕೀ ಹುಡುಕ್ತಾ ನಿಲ್ಲೋ ಹಾಗಾಗ್ಬಾರ್ದು. ಕೋಣೆ ಫೋಟೋ ಹಾಕಿ, ಕಿಟಕಿ ಯಾವ ಕಡೆ ಇದೆ ನೋಡಿ ಜೀನು ಯಾವ ಗೋಡೆಗೆ ಅಂತ ಹೇಳ್ತೀನಿ.