ಅಂಕಿ ಕಡಿಮೆ, ಕುಗ್ಗುವುದು ಜಾಸ್ತಿ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಎರೆ ಹೊಲದಲ್ಲಿ ಮನೆ ಕಟ್ಟಬೇಕೆಂದು ಮಣ್ಣು ಪರೀಕ್ಷೆ ಮಾಡಿಸಿದೆ. ರಿಪೋರ್ಟಿನಲ್ಲಿ ಲಿಕ್ವಿಡ್ ಲಿಮಿಟ್ 72, ಪ್ಲಾಸ್ಟಿಕ್ ಲಿಮಿಟ್ 30, ಶ್ರಿಂಕೇಜ್ ಲಿಮಿಟ್ 10 ಅಂತ ಇದೆ. ಶ್ರಿಂಕ್ ಅಂದರೆ ಕುಗ್ಗುವುದು ತಾನೆ? ಬರೀ 10 ಇದೆ, ನಮ್ಮ ಮಣ್ಣು ಅಷ್ಟೇನೂ ಕುಗ್ಗುವುದಿಲ್ಲ ಅಂತ ಖುಷಿಪಟ್ಟೆ. ಇಂಜಿನಿಯರ್ ನೋಡಿದವರೇ ತಲೆ ಅಲ್ಲಾಡಿಸಿದರು, ಪಾಯಕ್ಕೆ ಖರ್ಚು ಜಾಸ್ತಿ ಬರುತ್ತದೆ ಅಂದರು. ಈ ಶ್ರಿಂಕೇಜ್ ಲಿಮಿಟ್ ಅಂದರೆ ನಿಜವಾಗಿ ಏನು? ಈ ಪದ ಎಲ್ಲಿಂದ ಬಂತು?"

ನಿಮ್ಮ ಇಂಜಿನಿಯರ್ ಹೇಳಿದ್ದು ಸರಿ ಇದೆ ಸಾರ್. 10 ಅನ್ನುವುದು ಮಣ್ಣು ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಅಲ್ಲ. ಒಣಗುತ್ತಾ ಹೋದ ಮಣ್ಣು ಎಲ್ಲಿಗೆ ಬಂದಾಗ ಕುಗ್ಗುವುದನ್ನು ನಿಲ್ಲಿಸುತ್ತದೆ ಎಂಬ ಗುರುತು ಅದು. ಅಂಕಿ ಕಡಿಮೆ ಇದ್ದಷ್ಟೂ ಮಣ್ಣು ಹೆಚ್ಚು ಹೊತ್ತು ಕುಗ್ಗುತ್ತಲೇ ಇರುತ್ತದೆ. ಹಾಗಾಗಿ ಮನೆ ಕಟ್ಟುವವರಿಗೆ ಕಡಿಮೆ ಅಂಕಿ ಒಳ್ಳೆಯ ಸುದ್ದಿ ಅಲ್ಲ.

ಮೊದಲು ಪದದ ವಿಷಯ ಮುಗಿಸೋಣ. ಶ್ರಿಂಕ್ ಇಂಗ್ಲಿಷಿನ ಹಳೆಯ ಮನೆಮಾತು. ಹಳೆಯ ಇಂಗ್ಲಿಷಿನಲ್ಲಿ ಅದು 'ಸ್ಕ್ರಿಂಕನ್' ಆಗಿತ್ತು. ಬಾಡುವುದು, ಮುದುಡುವುದು, ಕೈಕಾಲು ಒಳಗೆಳೆದುಕೊಳ್ಳುವುದು ಎಂಬ ಅರ್ಥಗಳಿದ್ದವು. ಅದರ ಬಾಲಕ್ಕೆ ಫ್ರೆಂಚಿನಿಂದ ಬಂದ 'ಏಜ್' ಸೇರಿ ಶ್ರಿಂಕೇಜ್ ಆಯಿತು. ಲಿಮಿಟ್ ಲ್ಯಾಟಿನ್ ಕಡೆಯದು. ಅದರ ಮೂಲ 'ಲೀಮೆಸ್'. ಗಡಿ, ಅದರಲ್ಲೂ ಎರಡು ಹೊಲಗಳ ನಡುವೆ ಉಳದೆ ಬಿಟ್ಟ ಪಟ್ಟಿ ಎಂಬ ಅರ್ಥ ಅದಕ್ಕಿತ್ತು. ನಮ್ಮ ಬದುವೇ ಅಲ್ವಾ ಅದು? ನಮ್ಮ ಕಡೆ ಎರೆ ಹೊಲದ ಬದುವೂ ಬೇಸಿಗೆಯಲ್ಲಿ ಬಿರಿಯುತ್ತದೆ, ಮೊದಲ ದೊಡ್ಡ ಮಳೆಗೆ ಆ ಬಿರುಕಿನಲ್ಲೇ ನೀರು ನುಗ್ಗಿ ಒಡೆದುಕೊಂಡು ಹೋಗುತ್ತದೆ, ಅದು ಬೇರೆ ಮಾತು.

ಈ ಎರಡು ಪದಗಳನ್ನು ಜೋಡಿಸಿ ಮಣ್ಣಿಗೆ ಹಚ್ಚುವ ವಿಚಾರ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ಸ್ವೀಡನ್ನಿನಲ್ಲಿ. ಆಲ್ಬರ್ಟ್ ಅಟರ್‌ಬರ್ಗ್ (1846–1916) ಅಲ್ಲಿನ ಕಾಲ್ಮಾರ್ ಊರಿನಲ್ಲಿ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ. ಮೊದಲು ಓಟ್ಸ್ ತಳಿಗಳನ್ನು ವಿಂಗಡಿಸುತ್ತಿದ್ದವರು, ವಯಸ್ಸಾದ ಮೇಲೆ ಮಣ್ಣಿನ ಕಡೆ ತಿರುಗಿದರು. ಮನೆ, ಪಾಯ, ಸೇತುವೆ ಯಾವುದೂ ಅವರ ತಲೆಯಲ್ಲಿ ಇರಲಿಲ್ಲ. ಜೇಡಿ ಮಣ್ಣುಗಳನ್ನು ಬೇಸಾಯದ ದೃಷ್ಟಿಯಿಂದ ಹೇಗೆ ವಿಂಗಡಿಸುವುದು ಎಂಬುದು ಅವರ ಪ್ರಶ್ನೆ. ಒಂದೇ ಜೇಡಿ ನೀರು ಜಾಸ್ತಿಯಾದರೆ ಹರಿಯುತ್ತದೆ, ಸ್ವಲ್ಪ ಆರಿದರೆ ಮುದ್ದೆ ಕಟ್ಟುತ್ತದೆ, ಇನ್ನೂ ಆರಿದರೆ ಪುಡಿಯಾಗುತ್ತದೆ, ಕೊನೆಗೆ ಕಲ್ಲಾಗುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಎಷ್ಟು ನೀರು ಇರುತ್ತದೆ ಎಂದು ಅವರು ಅಳೆದರು. ಹರಿಯುವುದು ನಿಂತು ಮುದ್ದೆ ಕಟ್ಟುವ ಗಡಿ ಲಿಕ್ವಿಡ್ ಲಿಮಿಟ್, ಮುದ್ದೆ ಹೋಗಿ ಪುಡಿಯಾಗುವ ಗಡಿ ಪ್ಲಾಸ್ಟಿಕ್ ಲಿಮಿಟ್, ಕುಗ್ಗುವುದು ನಿಲ್ಲುವ ಗಡಿ ಶ್ರಿಂಕೇಜ್ ಲಿಮಿಟ್. 1911ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಕಾರ್ಲ್ ಟೆರ್ಜಾಗಿ ಮತ್ತು ಆರ್ಥರ್ ಕಾಸಗ್ರಾಂಡೆ ಎಂಬ ಇಂಜಿನಿಯರುಗಳು ಅದನ್ನು ಕಟ್ಟಡದ ಕೆಲಸಕ್ಕೆ ಎಳೆದು ತಂದರು. ಇವತ್ತಿಗೂ ಈ ಮೂರು ಅಂಕಿಗಳಿಗೆ ಅಟರ್‌ಬರ್ಗ್ ಲಿಮಿಟ್ಸ್ ಅಂತಲೇ ಹೆಸರು.

ಪ್ಲಾಸ್ಟಿಕ್ ಲಿಮಿಟ್ ಪರೀಕ್ಷೆಯನ್ನು ಒಮ್ಮೆ ನೋಡಬೇಕು. ಹಸಿ ಮಣ್ಣನ್ನು ಗಾಜಿನ ಮೇಲಿಟ್ಟು ಅಂಗೈಯಲ್ಲಿ ಶ್ಯಾವಿಗೆ ಹೊಸೆದಂತೆ ಹೊಸೆಯುತ್ತಾರೆ. ಎಳೆ 3 ಮಿಲಿಮೀಟರ್ ದಪ್ಪಕ್ಕೆ ಬಂದಾಗ ಬಿರಿಯಲು ಶುರುವಾದರೆ ಅದೇ ಗಡಿ. ಇಷ್ಟು ದೊಡ್ಡ ವಿಜ್ಞಾನ ಇನ್ನೂ ಅಂಗೈ ಮೇಲೆ ನಿಂತಿರುವುದು ನನಗಂತೂ ಇಷ್ಟ.

ಈಗ ನಿಮ್ಮ 10ಕ್ಕೆ ಬರೋಣ. ಇದು ಶೇಕಡಾ ಲೆಕ್ಕ, ಆದರೆ ಒಟ್ಟು ಹೆಂಟೆಯ ಶೇಕಡಾ ಅಲ್ಲ. 100 ಗ್ರಾಂ ಒಣ ಮಣ್ಣಿಗೆ ಎಷ್ಟು ಗ್ರಾಂ ನೀರು ಎಂಬ ಲೆಕ್ಕ. ನಿಮ್ಮ ಮಣ್ಣು ಮಳೆಗಾಲದಲ್ಲಿ ಪೂರ್ತಿ ನೆನೆದು 100 ಗ್ರಾಂಗೆ 40 ಗ್ರಾಂ ನೀರು ಹಿಡಿದಿದೆ ಅಂದುಕೊಳ್ಳಿ. ಒಣ ಮಣ್ಣಿನ ಕಣಗಳೇ ಸುಮಾರು 37 ಘನ ಸೆಂಟಿಮೀಟರ್ ಜಾಗ ತಗೊಳ್ಳುತ್ತವೆ. ನೀರು 40. ಒಟ್ಟು 77. ಬೇಸಿಗೆಯಲ್ಲಿ ನೀರು ಆರುತ್ತಾ ಹೋದಂತೆ ಮಣ್ಣೂ ಅಷ್ಟೇ ಕುಗ್ಗುತ್ತಾ ಬರುತ್ತದೆ. 10 ಗ್ರಾಂ ನೀರು ಉಳಿದಾಗ ಅದರ ಗಾತ್ರ 47. ಅಲ್ಲಿಗೆ ನಿಂತಿತು. ಉಳಿದ 10 ಗ್ರಾಂ ಆರಿದರೂ ಗಾತ್ರ ಹೆಚ್ಚುಕಡಿಮೆ ಬದಲಾಗುವುದಿಲ್ಲ, ನೀರು ಬಿಟ್ಟ ಜಾಗಕ್ಕೆ ಗಾಳಿ ಹೋಗಿ ಕೂರುತ್ತದೆ. ಗಾಳಿ ಹೊಕ್ಕಿದ್ದು ಕಣ್ಣಿಗೂ ಗೊತ್ತಾಗುತ್ತದೆ: ಕಡುಗಪ್ಪು ಹೆಂಟೆ ಬಿಳಿಚಿಕೊಳ್ಳುತ್ತದೆ. ಅಂದರೆ 77 ಇದ್ದದ್ದು 47ಕ್ಕೆ ಬಂತು. ಇದೇ ಮಣ್ಣಿನ ಶ್ರಿಂಕೇಜ್ ಲಿಮಿಟ್ 25 ಇದ್ದಿದ್ದರೆ 77ರಿಂದ 62ಕ್ಕೇ ನಿಲ್ಲುತ್ತಿತ್ತು. ಅಂಕಿ ಕಡಿಮೆ ಇದ್ದರೆ ಯಾಕೆ ಕಷ್ಟ ಅಂತ ಈಗ ಗೊತ್ತಾಯ್ತಲ್ಲ.

ಎರೆ ಮಣ್ಣು ಇಷ್ಟು ಕುಗ್ಗಿ ಹಿಗ್ಗುವುದಕ್ಕೆ ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಕಾರಣ. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನ ಹೆಸರು ಅದಕ್ಕೆ. ಬಲು ತೆಳುವಾದ ಹಾಳೆಗಳ ಅಟ್ಟಿ ಅದು. ನೀರು ಬಂದರೆ ಹಾಳೆಗಳ ನಡುವೆ ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ, ಹೋದರೆ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ. ಮಸಾರಿ ಎಂಬ ಕೆಂಪು ಮಣ್ಣಿನಲ್ಲಿ ಇಂಥ ಜೇಡಿ ಕಡಿಮೆ, ಅದಕ್ಕೇ ಅದು ಬೇಸಿಗೆಯಲ್ಲಿ ಹೀಗೆ ಬಾಯಿ ಬಿಡುವುದಿಲ್ಲ.

ಹೊಲದಲ್ಲಿ ಇದೇ ಗುಣ ವರ. ಹಿಂಗಾರಿ ಜೋಳ, ಕಡಲೆ ಒಂದೂ ಮಳೆ ಇಲ್ಲದೆ ನೆಲದ ಹಸಿಯಲ್ಲೇ ಬೆಳೆಯುವುದು ಎರೆ ಇಷ್ಟು ನೀರು ಹಿಡಿದಿಡುವುದರಿಂದ. ಬಿರುಕು ದೊಡ್ಡದಾದರೆ ಆ ಹಸಿ ಒಳಗಿನಿಂದಲೇ ಆರಿ ಹೋಗುತ್ತದೆ ಅಂತ ರೈತರು ಎಡೆ ಹೊಡೆದು ಮೇಲ್ಮಣ್ಣಿನಿಂದ ಬಿರುಕು ಮುಚ್ಚುತ್ತಾರೆ. ಶ್ರಿಂಕೇಜ್ ಲಿಮಿಟ್ ಎಂಬ ಹೆಸರು ಕೇಳದವರೂ ಈ ಕೆಲಸ ಮಾಡಿಕೊಂಡೇ ಬಂದಿದ್ದಾರೆ.

ಮನೆಯ ವಿಷಯದಲ್ಲಿ ತೊಂದರೆ ಬರೀ ಕುಗ್ಗುವುದರಿಂದ ಅಲ್ಲ, ಒಂದೇ ಸಮ ಕುಗ್ಗದೆ ಇರುವುದರಿಂದ. ಮನೆಯ ನಡುವಿನ ನೆಲಕ್ಕೆ ಬಿಸಿಲು ತಾಗುವುದಿಲ್ಲ, ಅಲ್ಲಿ ಹಸಿ ಉಳಿಯುತ್ತದೆ. ಅಂಚಿನ ಮಣ್ಣು ಆರಿ ಕುಸಿಯುತ್ತದೆ. ಒಂದು ಮೂಲೆಗೆ ಬಚ್ಚಲ ನೀರು ಇಳಿಯುತ್ತಿದ್ದರೆ ಆ ಮೂಲೆ ಮಾತ್ರ ಮೇಲೇಳುತ್ತದೆ. ಗೋಡೆಗೆ ಅಂಟಿದಂತೆ ಬೇವಿನ ಮರ ಇದ್ದರೆ ಅದರ ಬೇರು ಆ ಬದಿಯ ನೀರು ಹೀರುತ್ತದೆ. ನಿಮ್ಮ ಕಡೆ ಇನ್ನೊಂದಿದೆ. ಕಾಲುವೆಗೆ ನೀರು ಬಿಟ್ಟು ಪಕ್ಕದ ಗದ್ದೆಯಲ್ಲಿ ನಾಟಿ ಆದರೆ ಆ ಬದಿಯ ನೆಲ ತಿಂಗಳುಗಟ್ಟಲೆ ನೆನೆದಿರುತ್ತದೆ, ಆಮೇಲೆ ಒಣಗುತ್ತದೆ. ಬಾಗಿಲು ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಹೆಚ್ಚಾಗಿ ಇದರ ಫಲ. ಸಿಮೆಂಟ್ ಕಡಿಮೆ ಹಾಕಿದ ಅಂತ ಸುಮ್ನೆ ಮೇಸ್ತ್ರಿಯನ್ನು ಬೈಯುತ್ತೇವೆ.

ಖರ್ಚಿನ ಮಾತು. ಎರೆ ಭೂಮಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್ ರೀಮ್ಡ್ ಪೈಲ್ ಎಂಬ ಪಾಯವನ್ನು ಅಭಿವೃದ್ಧಿಪಡಿಸಿತು. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಗುಂಡಿ ಕೊರೆದು, ಬುಡದಲ್ಲಿ ಅಗಲ ಮಾಡಿ ಕಾಂಕ್ರೀಟ್ ತುಂಬುವುದು. ಮೇಲಿನ ಮಣ್ಣು ಕುಣಿದರೂ ಅಷ್ಟು ಆಳದಲ್ಲಿ ಹಸಿ ಹೆಚ್ಚು ಬದಲಾಗುವುದಿಲ್ಲ. ಕಂಬಗಳ ಮೇಲೆ ಬೀಮ್ ಹಾಕುವಾಗ ಅದಕ್ಕೂ ನೆಲಕ್ಕೂ ನಡುವೆ ಸ್ವಲ್ಪ ಜಾಗ ಬಿಡಬೇಕು, ಇಲ್ಲವಾದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಎರೆ ತೀರಾ ಆಳ ಇಲ್ಲದಿದ್ದರೆ ಅದನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡುವುದೂ ಒಂದು ದಾರಿ. ನಿಮ್ಮ ಜಾಗಕ್ಕೆ ಯಾವುದು ಸರಿ ಅಂತ ಸ್ಥಳ ನೋಡಿದ ಇಂಜಿನಿಯರೇ ಹೇಳಬೇಕು, ಪತ್ರಿಕೆಯ ಕುರ್ಚಿಯಿಂದ ಹೇಳುವುದಲ್ಲ.

ಆದರೆ ಅವರನ್ನು ಎರಡು ಮಾತು ಕೇಳಿ. ಮಣ್ಣನ್ನು ಎಷ್ಟು ಆಳದಿಂದ ತೆಗೆದರು? ಮೇಲಿನ ಒಂದಡಿ ಮಣ್ಣಿನ ಅಂಕಿ ಪಾಯಕ್ಕೆ ಉಪಯೋಗವಿಲ್ಲ. ಇನ್ನೊಂದು, ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂದು ನೋಡುವ ಫ್ರೀ ಸ್ವೆಲ್ ಪರೀಕ್ಷೆ ಮಾಡಿಸಿದ್ದಾರಾ? ಶ್ರಿಂಕೇಜ್ ಲಿಮಿಟನ್ನು ಮಣ್ಣು ಕಲಸಿ ಅಳೆಯುತ್ತಾರೆ, ನೆಲದಲ್ಲಿರುವ ಮಣ್ಣು ತುಸು ಬೇರೆ ರೀತಿ ನಡೆದುಕೊಳ್ಳಬಹುದು, ಆದ್ದರಿಂದ ಅದೊಂದನ್ನೇ ನಂಬಿ ಕೂರಬಾರದು. ಫ್ರೀ ಸ್ವೆಲ್‌ನಲ್ಲಿ 10 ಗ್ರಾಂ ಮಣ್ಣಿನ ಪುಡಿಯನ್ನು ಒಂದು ಅಳತೆ ಕೊಳವೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿಡುತ್ತಾರೆ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. 24 ಗಂಟೆ ಬಿಟ್ಟು, ನೀರಿನಲ್ಲಿರುವ ಮಣ್ಣಿನ ಗಾತ್ರ ಸೀಮೆಎಣ್ಣೆಯಲ್ಲಿರುವುದಕ್ಕಿಂತ ಶೇಕಡಾ ಎಷ್ಟು ಹೆಚ್ಚಿದೆ ಅಂತ ನೋಡುತ್ತಾರೆ. ಆ ಅಂಕಿ ಶೇಕಡಾ 50 ದಾಟಿದ್ದರೆ ಪೈಲ್ ಖರ್ಚಿಗೆ ಚೌಕಾಸಿ ಮಾಡಬೇಡಿ.