ನಡೆದೇ ನೋಡುವ ಪುಸ್ತಕದಂಗಡಿ

ಪ್ರಶ್ನೆ: ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಒಂದೇ ದಿನದಲ್ಲಿ ಪುಸ್ತಕದಂಗಡಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತುವ ಆಸೆ. ಎಲ್ಲಿಂದ ಶುರು ಮಾಡಲಿ?
– ಓದುಗಿ, ತುಮಕೂರು

ಉತ್ತರ: ನಾನೂ ತುಮಕೂರಿನವನೇ ತಾಯಿ, ಈ ಚಟ ನನಗೂ ಹಳೆಯದು. ಮೆಜೆಸ್ಟಿಕ್ ಬಳಿಯ ರೈಲು ನಿಲ್ದಾಣದಲ್ಲಿಳಿದು, ಆಟೊದವರ ಕೂಗಿಗೆ ಕಿವಿಗೊಡದೆ ಕೆಂಪೇಗೌಡ ರಸ್ತೆ ಹಿಡಿದು ಮೈಸೂರು ಬ್ಯಾಂಕ್ ವೃತ್ತಕ್ಕೆ ನಡೆಯಿರಿ. ಅಲ್ಲಿಂದ ಅವೆನ್ಯೂ ರಸ್ತೆ. ಪಠ್ಯಪುಸ್ತಕಗಳ ರಾಶಿಯಡಿ ಹಳೆಯ ಕಾದಂಬರಿಗಳು ಅಡಗಿರುತ್ತವೆ. ಬೆನ್ನು ಬಾಗಿಸಬೇಕು, ಅಷ್ಟೆ. ಕಳೆದ ಸಲ ಸಿಕ್ಕ ನಿಘಂಟಿನಲ್ಲಿ ಯಾರೋ ನೇರಳೆ ಮಸಿಯಲ್ಲಿ ಬರೆದ ಹೆಸರು, ನಡುವೆ ಒಣಗಿದ ಬೇವಿನೆಲೆ. ಕೊಳ್ಳುವ ಮುನ್ನ ಕೊನೆಯ ಪುಟ ಇದೆಯೇ ನೋಡಿ, ನಾನೊಮ್ಮೆ ಮೋಸಹೋಗಿದ್ದೇನೆ. ಆಮೇಲೆ ಮೆಟ್ರೊದಲ್ಲಿ ಎಂ.ಜಿ. ರಸ್ತೆಗೆ, ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಂ, ಬುಕ್‌ವರ್ಮ್ ಎರಡೂ ಇವೆ. ಗಾಂಧಿ ಬಜಾರಿನ ಅಂಕಿತ ಇನ್ನೊಂದು ದಿನಕ್ಕಿರಲಿ. ಗಟ್ಟಿ ಬಟ್ಟೆಚೀಲ ಮರೆಯಬೇಡಿ.